ಫೇರಿಂಗ್ ಬೈಕ್‌ಗೆ ಬೇರೆ ಸೈಲೆನ್ಸರ್: ಸದ್ದು ಕೇಳುವ ಮೊದಲು ಜಾಗ ಅಳೆಯಿರಿ

ಪ್ರಶ್ನೆ: ನಮಸ್ಕಾರ ಸರ್. ನಾನು ಗಂಗಾವತಿಯವನು, ಇಲ್ಲೇ ಒಂದು ರೈಸ್ ಮಿಲ್‌ನಲ್ಲಿ ಲೆಕ್ಕ ಬರೆಯುವ ಕೆಲಸ. 2022ರಲ್ಲಿ ತೆಗೆದುಕೊಂಡ ಯಮಹಾ ಆರ್15 ವಿ4 ಇದೆ, 21 ಸಾವಿರ ಕಿ.ಮೀ. ಓಡಿದೆ. ಆಗಾಗ ಕಂಪ್ಲಿ ಮೇಲೆ ಬಳ್ಳಾರಿಗೆ ಬಂದು ಹೋಗುತ್ತೇನೆ. ಬಳ್ಳಾರಿಯ ನನ್ನ ಗೆಳೆಯ ಇದೇ ಬೈಕಿಗೆ ಬೆಂಡ್ ಪೈಪ್ (ಎಂಜಿನ್‌ನಿಂದ ಹೊಗೆ ತರುವ ಬಾಗಿದ ಪೈಪ್) ಸಮೇತ ಫುಲ್ ಸಿಸ್ಟಂ, ಅಂದರೆ ಇಡೀ ಸೈಲೆನ್ಸರ್ ಸೆಟ್ಟನ್ನೇ ಬದಲಿಸಿ ಹಾಕಿಸಿದ. ಒಂಬತ್ತು ಸಾವಿರ ಆಯಿತು. ಸದ್ದು ಸೂಪರ್. ಆದರೆ ಎರಡೇ ತಿಂಗಳಲ್ಲಿ ಕೆಳಗಿನ ಫೇರಿಂಗ್ (ಎಂಜಿನ್ ಮುಚ್ಚುವ ಪ್ಲಾಸ್ಟಿಕ್ ಕವಚ) ಒಂದು ಕಡೆ ಉಬ್ಬಿ ಬಣ್ಣ ಕೆಟ್ಟಿದೆ. ಮೈಲೇಜ್ 45ರಿಂದ 36ಕ್ಕೆ ಇಳಿದಿದೆ. ಮೀಟರ್‌ನಲ್ಲಿ ಎಂಜಿನ್ ಲೈಟ್ ಹತ್ತಿಕೊಂಡೇ ಇರುತ್ತದೆ. ಹಾಕಿದ ಮೆಕ್ಯಾನಿಕ್, "ಕ್ಯಾಟ್ (ಹೊಗೆಯ ವಿಷ ತಗ್ಗಿಸುವ ಭಾಗ) ತೆಗೆದರೆ ಎರಡು ಮೂರು ಎಚ್‌ಪಿ ಜಾಸ್ತಿ ಬರುತ್ತೆ, ಲೈಟ್ ಬಗ್ಗೆ ತಲೆ ಕೆಡಿಸ್ಕೋಬೇಡ" ಅನ್ನುತ್ತಾನೆ. ನಮ್ಮೂರ ಮೆಕ್ಯಾನಿಕ್, "ಬ್ಯಾಕ್ ಪ್ರೆಶರ್ ಹೋದರೆ ವಾಲ್ವ್ ಸುಡುತ್ತೆ" ಅನ್ನುತ್ತಾನೆ. ಅಪ್ಪ ಪೊಲೀಸರು ಹಿಡಿಯುತ್ತಾರೆ ಅಂತ ಹೆದರಿಸುತ್ತಿದ್ದಾರೆ. ನನಗೆ ಆಸೆ ಇದೆ, ಬೈಕ್ ಮಾತ್ರ ಹಾಳಾಗಬಾರದು. ಹಾಕಿಸಲೇಬೇಕು ಅಂದರೆ ಏನು ಹಾಕಿಸಲಿ? ಫೇರಿಂಗ್ ಕತ್ತರಿಸಬೇಕಾಗುತ್ತಾ? ತೊಡೆಗೆ ಬಡಿಯುವ ಬಿಸಿ ಕಡಿಮೆಯಾಗುತ್ತಾ?

ಉತ್ತರ: ನಿಮ್ಮ ಗೆಳೆಯನ ಬೈಕಿನಿಂದಲೇ ಶುರು ಮಾಡೋಣ. ಅದರ ಮೂರು ತೊಂದರೆಗಳನ್ನು ಅರ್ಥ ಮಾಡಿಕೊಂಡರೆ ನಿಮ್ಮ ಅರ್ಧ ಪ್ರಶ್ನೆಗೆ ಉತ್ತರ ಸಿಕ್ಕ ಹಾಗೆ. ಪ್ಲಾಸ್ಟಿಕ್ ಉಬ್ಬಿದ್ದು, ಮೈಲೇಜ್ ಬಿದ್ದಿದ್ದು, ಲೈಟ್ ಹತ್ತಿದ್ದು. ಇವು ಮೂರೂ "ಸದ್ದು ಜಾಸ್ತಿ ಆಯ್ತು" ಅನ್ನುವ ಕಾರಣಕ್ಕೆ ಬಂದಿದ್ದಲ್ಲ. ಪೈಪ್ ಆ ಬೈಕಿಗೆ ಸರಿಯಾಗಿ ಕೂತಿಲ್ಲ, ಅಷ್ಟೇ. ನಮ್ಮ ಗ್ಯಾರೇಜಿಗೆ ಬರುವ ಇಂಥ ಬೈಕುಗಳಲ್ಲಿ ಹೆಚ್ಚಿನವುಗಳ ಕಥೆ ಇದೇ.

ಸ್ಪ್ಲೆಂಡರ್‌ಗೋ ಬುಲೆಟ್‌ಗೋ ಸೈಲೆನ್ಸರ್ ಬದಲಿಸಿದರೆ ಪೈಪ್ ಸುತ್ತ ಬರೀ ಗಾಳಿ ಇರುತ್ತದೆ. ಒಂದು ಇಂಚು ಆಚೆ ಈಚೆ ಆದರೂ ನಡೆಯುತ್ತದೆ. ಆರ್15ನಂಥ ಬೈಕಿನಲ್ಲಿ ಬೆಂಡ್ ಪೈಪ್ ಎಂಜಿನ್ ಮುಂಭಾಗದಿಂದ ಇಳಿದು, ರೇಡಿಯೇಟರ್ ಹಿಂದೆ ಹಾದು, ಕೆಳಗೆ ಬೆಲ್ಲಿ ಪ್ಯಾನ್ (ಎಂಜಿನ್ ಅಡಿಯ ಪ್ಲಾಸ್ಟಿಕ್ ಕವಚ) ಮೇಲೆ ಬಾಗಿ ಹಿಂದಕ್ಕೆ ಹೋಗುತ್ತದೆ. ಎರಡೂ ಕಡೆ ಪ್ಲಾಸ್ಟಿಕ್. ಬೈಕ್ ಜೋರಾಗಿ ಓಡುವಾಗ ಬೆಂಡ್ ಪೈಪಿನ ಮೈ 300ರಿಂದ 500 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುತ್ತದೆ. ಫೇರಿಂಗ್ ಪ್ಲಾಸ್ಟಿಕ್ 100 ಡಿಗ್ರಿ ಆಸುಪಾಸಿನಲ್ಲೇ ಮೆತ್ತಗಾಗಲು ಶುರು. ನಡುವೆ ಇರುವ ಖಾಲಿ ಜಾಗ ಮತ್ತು ಅದರಲ್ಲಿ ಹರಿಯುವ ಗಾಳಿ, ಇವೆರಡೇ ಪ್ಲಾಸ್ಟಿಕ್ಕನ್ನು ಕಾಪಾಡುವುದು.

ಕಂಪನಿಯವರು ಆ ಜಾಗವನ್ನು ಲೆಕ್ಕ ಹಾಕಿಯೇ ಬಿಟ್ಟಿರುತ್ತಾರೆ. ಬಹಳಷ್ಟು ಕಂಪನಿ ಪೈಪ್‌ಗಳಿಗೆ ಎರಡು ಪದರ ಇರುತ್ತದೆ. ಒಳಗಿನ ಪೈಪ್ ಕೆಂಪಗೆ ಕಾದರೂ ಹೊರಗಿನದು ಅಷ್ಟು ಕಾಯುವುದಿಲ್ಲ. ಫೇರಿಂಗ್ ಬಿಚ್ಚಿ ಒಳಮೈ ನೋಡಿ, ಪೈಪ್ ಹತ್ತಿರ ಬರುವ ಕಡೆ ಬೆಳ್ಳಿ ಬಣ್ಣದ ಫಾಯಿಲ್ ಅಂಟಿಸಿರುವುದು ಎಷ್ಟೋ ಬೈಕುಗಳಲ್ಲಿ ಕಾಣುತ್ತದೆ. ಅಂಗಡಿಯಲ್ಲಿ ಸಿಗುವ ಅಗ್ಗದ ಬೆಂಡ್ ಪೈಪ್‌ಗೆ ಒಂದೇ ಪದರ. ಬಾಗಿಸುವಾಗ ಒಂದೆರಡು ಸೆಂಟಿಮೀಟರ್ ತಪ್ಪಿದ್ದರೆ ಅದು ನೇರ ಪ್ಲಾಸ್ಟಿಕ್ ಪಕ್ಕಕ್ಕೇ ಬಂದು ಕೂರುತ್ತದೆ.

ಇನ್ನೊಂದು ಲೆಕ್ಕವನ್ನು ಫಿಟ್ ಮಾಡುವವರೇ ಮರೆಯುತ್ತಾರೆ. ಕಬ್ಬಿಣ ಕಾದರೆ ಹಿಗ್ಗುತ್ತದೆ ಅಲ್ವಾ? 60 ಸೆಂಟಿಮೀಟರ್ ಉದ್ದದ ಸ್ಟೇನ್‌ಲೆಸ್ ಪೈಪ್‌ನ ಬಿಸಿ 400 ಡಿಗ್ರಿ ಏರಿದರೆ ಅದು ಸುಮಾರು 4 ಮಿಲಿಮೀಟರ್ ಉದ್ದ ಆಗುತ್ತದೆ. ಅಂದರೆ ಬೈಕ್ ತಣ್ಣಗಿದ್ದಾಗ "ಅಯ್ಯೋ, ಐದು ಮಿಲಿಮೀಟರ್ ಗ್ಯಾಪ್ ಇದೆಯಲ್ಲ" ಅಂತ ಬಿಟ್ಟರೆ, ಕಾದ ಮೇಲೆ ಪೈಪ್ ಪ್ಲಾಸ್ಟಿಕ್ಕನ್ನು ಮುಟ್ಟಿಯೇಬಿಡಬಹುದು. ಒಳ್ಳೆಯ ಸಿಸ್ಟಂಗಳಲ್ಲಿ ಬೆಂಡ್ ಪೈಪ್ ಮತ್ತು ಕ್ಯಾನ್ (ಹಿಂದಿನ ಸೈಲೆನ್ಸರ್ ಡಬ್ಬಿ) ಸೇರುವ ಕಡೆ ನಟ್ ಬೋಲ್ಟ್ ಬದಲು ಸ್ಪ್ರಿಂಗ್ ಕೊಡುವುದು, ಹ್ಯಾಂಗರ್‌ಗೆ ರಬ್ಬರ್ ಬುಷ್ ಹಾಕುವುದು ಇದೇ ಕಾರಣಕ್ಕೆ. ಪೈಪ್ ಹಿಗ್ಗಿ ಕುಗ್ಗಲು ಜಾಗ ಬೇಕು. ಸ್ಪ್ರಿಂಗ್ ಇರುವ ಕಡೆ ವೆಲ್ಡ್ ಹೊಡೆದು "ಗಟ್ಟಿ ಮಾಡಿದ್ದೀನಿ" ಅನ್ನುವವರ ಹತ್ತಿರ ಕೆಲಸ ಕೊಡಬೇಡಿ. ಹಾಗೆ ಮಾಡಿದರೆ ಮೊದಲು ಹ್ಯಾಂಗರ್ ಪಟ್ಟಿ ಸೀಳುತ್ತದೆ, ಆಮೇಲೆ ಎಂಜಿನ್ ಹೆಡ್‌ನಲ್ಲಿರುವ ಸ್ಟಡ್ ಮೇಲೆ ಭಾರ ಬೀಳುತ್ತದೆ.

ಪ್ಲಾಸ್ಟಿಕ್ ಯಾಕೆ ಉಬ್ಬಿತು ಅನ್ನುವುದು ಇಷ್ಟೇ. ಇನ್ನು ಮೈಲೇಜ್ ಮತ್ತು ಲೈಟ್. ಇವೆರಡಕ್ಕೂ ಒಂದೇ ಬೇರು ಅಂತ ನನ್ನ ಅನುಮಾನ.

ನಿಮ್ಮ ಬೈಕ್ ಬಿಎಸ್6 ಹೊಗೆ ನಿಯಮದ್ದು. ಬೆಂಡ್ ಪೈಪಿನಲ್ಲಿ ಒಂದು ಆಕ್ಸಿಜನ್ ಸೆನ್ಸರ್ ಇರುತ್ತದೆ. ಹೊಗೆಯಲ್ಲಿ ಎಷ್ಟು ಆಕ್ಸಿಜನ್ ಉಳಿದಿದೆ ಅಂತ ನೋಡಿ ಅದು ಇಸಿಯುಗೆ (ಪೆಟ್ರೋಲ್ ಅಳತೆ ನೋಡಿಕೊಳ್ಳುವ ಬೈಕಿನ ಕಂಪ್ಯೂಟರ್) ಹೇಳುತ್ತದೆ. ಆಕ್ಸಿಜನ್ ಜಾಸ್ತಿ ಕಂಡರೆ ಇಸಿಯು "ಪೆಟ್ರೋಲ್ ಕಡಿಮೆ ಆಯ್ತು" ಅಂದುಕೊಂಡು ಇನ್ನಷ್ಟು ಸುರಿಯುತ್ತದೆ. ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ, ತೂಕದ ಲೆಕ್ಕದಲ್ಲಿ. ನೀವು ಆರಾಮಾಗಿ 60ರಲ್ಲಿ ಹೋಗುವಾಗ ಇಸಿಯು ಈ ಅಳತೆಯ ಸುತ್ತಲೇ ಇರಲು ನೋಡುತ್ತದೆ.

ಈಗ ಅಗ್ಗದ ಪೈಪ್‌ನಲ್ಲಿ ಏನಾಗುತ್ತದೆ ನೋಡಿ. ಒಂದೋ ಅದರಲ್ಲಿ ಸೆನ್ಸರ್‌ಗೆ ತೂತೇ ಇರುವುದಿಲ್ಲ. ಸೆನ್ಸರ್ ಬಿಚ್ಚಿ ವೈರ್ ಸಮೇತ ಫೇರಿಂಗ್ ಒಳಗೆ ಟ್ಯಾಗ್ ಹಾಕಿ ಕಟ್ಟಿಬಿಡುತ್ತಾರೆ. ಅದು ಬರೀ ಗಾಳಿ ನೋಡುತ್ತಾ ಕೂರುತ್ತದೆ, ಇಸಿಯು ಪೆಟ್ರೋಲ್ ಏರಿಸುತ್ತಾ ಹೋಗುತ್ತದೆ, ಕೊನೆಗೆ "ಏನೋ ಸರಿಯಿಲ್ಲ" ಅಂತ ಲೈಟ್ ಹಾಕುತ್ತದೆ. ಅಥವಾ ತೂತು ಇದೆ, ಸೆನ್ಸರ್ ಹಾಕಿದ್ದಾರೆ, ಆದರೆ ಹೆಡ್ ಹತ್ತಿರದ ಗ್ಯಾಸ್ಕೆಟ್ (ಸಂದಿ ಮುಚ್ಚುವ ಉಂಗುರ) ಹಳೆಯದೇ ಉಳಿದಿದೆ. ಆ ಗ್ಯಾಸ್ಕೆಟ್ ಒಮ್ಮೆ ಒತ್ತಿ ಚಪ್ಪಟೆಯಾದರೆ ಮುಗಿಯಿತು, ಮತ್ತೆ ಸರಿಯಾಗಿ ಮುಚ್ಚುವುದಿಲ್ಲ. ಅಲ್ಲಿ ಸಣ್ಣ ಸಂದಿ ಬಿಟ್ಟರೆ ಹೊಗೆ ಹೊರಗೆ ಬರುತ್ತದೆ ಅಂತಷ್ಟೇ ಎಲ್ಲರೂ ಅಂದುಕೊಳ್ಳುತ್ತಾರೆ. ಹೊರಗಿನ ಗಾಳಿಯೂ ಒಳಗೆ ಹೋಗುತ್ತದೆ! ಹೊಗೆ ಪೈಪ್‌ನಲ್ಲಿ ಒಂದೇ ಸಮ ಹರಿಯುವುದಿಲ್ಲ, ಹೊಡೆತ ಹೊಡೆತವಾಗಿ ಹೋಗುತ್ತದೆ. ಒಂದು ಹೊಡೆತ ಮುಂದೆ ಹೋದ ಮೇಲೆ ಅದರ ಹಿಂದೆ ಒತ್ತಡ ಇಳಿಯುತ್ತದೆ, ಆಗ ಸಂದಿಯಿಂದ ಗಾಳಿ ಒಳಗೆ ಎಳೆದುಕೊಳ್ಳುತ್ತದೆ. ಸೆನ್ಸರ್ ಮೋಸ ಹೋಗುತ್ತದೆ. ಆಕ್ಸಲರೇಟರ್ ಬಿಟ್ಟಾಗ ಪಟಪಟ ಪಟಾಕಿ ಸದ್ದು ಬರುವುದಕ್ಕೂ ಬಹಳ ಸಲ ಈ ಸಂದಿಯೇ ಕಾರಣ. ಸುಡದೆ ಉಳಿದ ಪೆಟ್ರೋಲ್ ಆವಿ ಈ ಗಾಳಿಯ ಜೊತೆ ಸೇರಿ ಪೈಪ್ ಒಳಗೇ ಹತ್ತಿಕೊಳ್ಳುತ್ತದೆ. ಹುಡುಗರು ಅದನ್ನೇ ರೇಸ್ ಬೈಕ್ ಸದ್ದು ಅಂತ ಖುಷಿ ಪಡುತ್ತಾರೆ.

ಇದನ್ನು ನೋಡಲು ಯಾವ ಮಷೀನೂ ಬೇಡ. ಬೆಳಿಗ್ಗೆ ತಣ್ಣಗಿರುವಾಗ ಬೈಕ್ ಸ್ಟಾರ್ಟ್ ಮಾಡಿ. ಒಬ್ಬರು ಒದ್ದೆ ಬಟ್ಟೆಯಿಂದ ಸೈಲೆನ್ಸರ್ ಬಾಯಿಯನ್ನು ಅರ್ಧ ಮುಚ್ಚಲಿ. ಇನ್ನೊಬ್ಬರು ಮುಂದೆ ಹೆಡ್ ಹತ್ತಿರ ಕಿವಿ ಕೊಡಲಿ. ಸಂದಿ ಇದ್ದರೆ ಚುಸ್ ಚುಸ್ ಅಂತ ಕೇಳಿಸುತ್ತದೆ. ಫೇರಿಂಗ್ ಬಿಚ್ಚಿದರೆ ಗ್ಯಾಸ್ಕೆಟ್ ಸುತ್ತ ಕಪ್ಪು ಮಸಿ ಸಿಡಿದಿರುವುದೂ ಕಾಣುತ್ತದೆ. ಪೈಪ್ ಕಾಯುವ ಮೊದಲೇ ಮುಗಿಸಿ, ಕೈ ಸುಟ್ಟುಕೊಳ್ಳಬೇಡಿ. ಇದನ್ನು ನಿಮ್ಮ ಗೆಳೆಯನ ಬೈಕಿನಲ್ಲೇ ಮಾಡಿ ನೋಡಿ. ಹೊಸ ಗ್ಯಾಸ್ಕೆಟ್ ಹಾಕಿ ಸೆನ್ಸರನ್ನು ಅದರ ಜಾಗದಲ್ಲಿ ಕೂರಿಸಿದರೆ ಮೈಲೇಜ್ ಬಹುಪಾಲು ವಾಪಸ್ ಬರುತ್ತದೆ.

ಇಬ್ಬರು ಮೆಕ್ಯಾನಿಕ್, ಎರಡು ಮಾತು

"ಎರಡು ಮೂರು ಎಚ್‌ಪಿ" ಅನ್ನುವುದು ಬರೀ ಮಾತು. ನಿಮ್ಮ ಬೈಕಿನ ಎಂಜಿನ್ 155 ಸಿಸಿ, 10,000 ಆರ್‌ಪಿಎಂನಲ್ಲಿ 18.4 ಪಿಎಸ್ (ಹೆಚ್ಚುಕಡಿಮೆ ಎಚ್‌ಪಿಯಷ್ಟೇ) ಕೊಡುತ್ತದೆ. ಅದರಲ್ಲಿ ಮೂರು ಅಂದರೆ ಶೇ 16ರಷ್ಟು. ಬರೀ ಪೈಪ್ ಬದಲಿಸಿ ಅಷ್ಟು ಬರುವುದಾಗಿದ್ದರೆ ಕಂಪನಿಯವರೇ ಹಾಕಿ ಮಾರುತ್ತಿದ್ದರು. ಸ್ಲಿಪ್-ಆನ್ (ಕೊನೆಯ ಕ್ಯಾನ್ ಮಾತ್ರ ಬದಲಿಸುವುದು) ಹಾಕಿದರೆ ಪವರ್‌ನಲ್ಲಿ ಆಗುವ ಬದಲಾವಣೆ ಎಷ್ಟು ಕಡಿಮೆ ಅಂದರೆ, ಒಂದೇ ಬೈಕನ್ನು ಡೈನೊ (ಪವರ್ ಅಳೆಯುವ ಯಂತ್ರ) ಮೇಲೆ ಎರಡು ಸಲ ಓಡಿಸಿದಾಗ ಬರುವ ವ್ಯತ್ಯಾಸದಲ್ಲೇ ಅದು ಕಳೆದುಹೋಗುತ್ತದೆ. ಫುಲ್ ಸಿಸ್ಟಂ ಜೊತೆ ಇಸಿಯು ಮ್ಯಾಪ್ (ಯಾವಾಗ ಎಷ್ಟು ಪೆಟ್ರೋಲ್ ಬಿಡಬೇಕು ಅನ್ನುವ ಲೆಕ್ಕ) ಕೂಡ ಸರಿಯಾಗಿ ಮಾಡಿಸಿದರೆ ಮೇಲಿನ ಆರ್‌ಪಿಎಂನಲ್ಲಿ ಸ್ವಲ್ಪ ಸಿಗಬಹುದು. ಗಂಗಾವತಿ–ಕಂಪ್ಲಿ ರಸ್ತೆಯಲ್ಲಿ ಭತ್ತದ ಲಾರಿ, ಟ್ರ್ಯಾಕ್ಟರ್ ನಡುವೆ ಅದನ್ನು ಎಲ್ಲಿ ಉಪಯೋಗಿಸುತ್ತೀರಿ ಅನ್ನುವುದು ಬೇರೆ ಪ್ರಶ್ನೆ.

ಇದಕ್ಕಿಂತ ಮಜಾ ಲೆಕ್ಕ ಒಂದಿದೆ. 25 ಡಿಗ್ರಿ ಇರುವ ಮುಂಜಾನೆಗೆ ಹೋಲಿಸಿದರೆ 42 ಡಿಗ್ರಿಯ ಬಳ್ಳಾರಿ ಮಧ್ಯಾಹ್ನದಲ್ಲಿ ಗಾಳಿಯ ಸಾಂದ್ರತೆ ಶೇ 5ರಷ್ಟು ಕಡಿಮೆ. ಎಂಜಿನ್‌ಗೆ ಸಿಗುವ ಗಾಳಿಯೇ ಅಷ್ಟು ತೆಳು. ಆ ಒಂದು ಕಾರಣಕ್ಕೇ ನಿಮ್ಮ ಬೈಕ್ ಅರ್ಧದಿಂದ ಒಂದು ಪಿಎಸ್‌ವರೆಗೆ ಕಳೆದುಕೊಳ್ಳುತ್ತದೆ. ಪೈಪ್‌ನಿಂದ ಬರುವ ಪವರ್ ಬೇಕಾದರೆ ದುಡ್ಡು ಖರ್ಚು ಮಾಡದೆ ಬೆಳಿಗ್ಗೆ ಆರಕ್ಕೆ ಹೊರಡಿ ಸಾಕು.

ಹಾಗಾದರೆ ಹಾಕಿಸಿದವರೆಲ್ಲ "ಪಿಕಪ್ ಜಾಸ್ತಿ ಆಯ್ತು" ಅನ್ನುವುದು ಯಾಕೆ? ಕಿವಿಯ ಕೆಲಸ ಅದು. ಸದ್ದು ಜೋರಾದರೆ ವೇಗವೂ ಜೋರು ಅನಿಸುತ್ತದೆ. ಸುಳ್ಳು ಹೇಳುತ್ತಿದ್ದಾರೆ ಅಂತಲ್ಲ, ಅವರಿಗೆ ನಿಜಕ್ಕೂ ಹಾಗೇ ಅನಿಸುತ್ತದೆ.

ನಿಮ್ಮೂರ ಮೆಕ್ಯಾನಿಕ್ ಹೇಳಿದ "ಬ್ಯಾಕ್ ಪ್ರೆಶರ್" ಮಾತು ಅರ್ಧ ಸರಿ, ಅರ್ಧ ತಪ್ಪು. ಹೊಗೆ ಹೊರಗೆ ಹೋಗಲು ಅಡ್ಡಿ ಇರಬೇಕು ಅಂತ ಯಾವ ಎಂಜಿನ್ನೂ ಕೇಳುವುದಿಲ್ಲ. ಎಂಜಿನ್‌ಗೆ ಬೇಕಾಗಿರುವುದು ಪೈಪಿನ ಸರಿಯಾದ ಉದ್ದ ಮತ್ತು ಸರಿಯಾದ ಅಗಲ. ವಾಲ್ವ್ ತೆರೆದಾಗ ಒತ್ತಡದ ಒಂದು ಅಲೆ ಪೈಪ್‌ನಲ್ಲಿ ಓಡುತ್ತದೆ. ಪೈಪ್ ಅಗಲವಾಗುವ ಕಡೆ ತಲುಪಿದಾಗ ಅದು ಕಡಿಮೆ ಒತ್ತಡದ ಅಲೆಯಾಗಿ ತಿರುಗಿ ವಾಪಸ್ ಬರುತ್ತದೆ. ಅದು ಸರಿಯಾದ ಹೊತ್ತಿಗೆ, ಅಂದರೆ ಒಳಬರುವ ವಾಲ್ವ್ ತೆರೆಯುವ ಹೊತ್ತಿಗೆ ಬಂದು ಸೇರಿದರೆ ಸಿಲಿಂಡರ್‌ನಲ್ಲಿ ಉಳಿದ ಹೊಗೆಯನ್ನು ಎಳೆದು ಹೊರಹಾಕುತ್ತದೆ, ಹೊಸ ಗಾಳಿ ಸಲೀಸಾಗಿ ಒಳಗೆ ಬರುತ್ತದೆ. 10,000 ಆರ್‌ಪಿಎಂನಲ್ಲಿ ಒಂದು ಸುತ್ತಿಗೆ ಸಿಗುವುದು ಬರೀ 6 ಮಿಲಿಸೆಕೆಂಡ್. ಆ ಬಿಸಿ ಹೊಗೆಯಲ್ಲಿ ಅಲೆಯ ವೇಗ ಸೆಕೆಂಡಿಗೆ ಸುಮಾರು 500 ಮೀಟರ್. ಪೈಪ್‌ನ ಉದ್ದ ಬದಲಾದರೆ ಈ ಹೊಂದಾಣಿಕೆ ತಪ್ಪುತ್ತದೆ. "ದಪ್ಪ ಪೈಪ್ ಹಾಕಿದ ಮೇಲೆ ಕೆಳಗಿನ ಗೇರ್‌ನಲ್ಲಿ ಎಳೆಯುತ್ತಿಲ್ಲ" ಅನ್ನುವ ದೂರು ಬರುವುದು ಇದಕ್ಕೇ. ಅದನ್ನು ನೋಡಿ ಜನ ಬ್ಯಾಕ್ ಪ್ರೆಶರ್ ಹೋಯಿತು ಅನ್ನುತ್ತಾರೆ.

ವಾಲ್ವ್ ಸುಡುವ ಭಯ? ಕಾರ್ಬ್ಯುರೇಟರ್ ಕಾಲದಲ್ಲಿ ಅದಕ್ಕೆ ಅರ್ಥ ಇತ್ತು. ಪೈಪ್ ಬದಲಿಸಿ, ಪೆಟ್ರೋಲ್ ಬಿಡುವ ಜೆಟ್ ಬದಲಿಸದಿದ್ದರೆ ಪೆಟ್ರೋಲ್ ಕಡಿಮೆಯಾಗಿ ಎಂಜಿನ್ ವಿಪರೀತ ಕಾಯುತ್ತಿತ್ತು. ಇಂಜೆಕ್ಷನ್ ಬೈಕಿನಲ್ಲಿ ಸಣ್ಣ ವ್ಯತ್ಯಾಸವನ್ನು ಸೆನ್ಸರ್ ನೋಡಿ ಇಸಿಯು ಸರಿ ಮಾಡಿಕೊಳ್ಳುತ್ತದೆ. ಆದರೆ ಫುಲ್ ಥ್ರಾಟಲ್‌ನಲ್ಲಿ ಅದು ಸೆನ್ಸರ್ ಮಾತು ಕೇಳುವುದಿಲ್ಲ, ತನ್ನ ಮ್ಯಾಪ್‌ನಲ್ಲಿ ಬರೆದಷ್ಟೇ ಪೆಟ್ರೋಲ್ ಬಿಡುತ್ತದೆ. ಹಾಗಾಗಿ ಬರೀ ಸ್ಲಿಪ್-ಆನ್ ಹಾಕಿದರೆ ವಾಲ್ವ್ ಬಗ್ಗೆ ಚಿಂತೆ ಬೇಡ. ಕ್ಯಾಟ್ ಇಲ್ಲದ ಫುಲ್ ಸಿಸ್ಟಂ, ಜೊತೆಗೆ ಓಪನ್ ಏರ್ ಫಿಲ್ಟರ್, ಮ್ಯಾಪ್ ಮಾತ್ರ ಹಳೆಯದು ಅಂದರೆ ಚಿಂತೆ ಮಾಡಬೇಕು.

"ಜೋರು ಸದ್ದಿದ್ದರೆ ಎದುರಿನವರಿಗೆ ಗೊತ್ತಾಗುತ್ತೆ, ಸೇಫ್ಟಿ" ಅನ್ನುವ ಮಾತನ್ನು ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಪೈಪಿನ ಬಾಯಿ ಇರುವುದು ಹಿಂದಕ್ಕೆ. ನಿಮಗೆ ಅಡ್ಡ ಬರುವ ಆಟೋ ಇರುವುದು ಮುಂದೆ.

ಕಾನೂನು: ಅಪ್ಪನ ಮಾತಿನಲ್ಲಿ ಹುರುಳಿದೆ

80ರಿಂದ 175 ಸಿಸಿ ಬೈಕಿಗೆ ತಯಾರಿಕೆಯ ಹಂತದ ಸದ್ದಿನ ಮಿತಿ 77 ಡೆಸಿಬೆಲ್, 175 ದಾಟಿದರೆ 80. ಡೆಸಿಬೆಲ್ ಲೆಕ್ಕ ನಮ್ಮ ರೂಪಾಯಿ ಲೆಕ್ಕದ ಹಾಗಲ್ಲ. 3 ಏರಿದರೆ ಸದ್ದಿನ ಶಕ್ತಿ ಎರಡು ಪಟ್ಟು, 10 ಏರಿದರೆ ಹತ್ತು ಪಟ್ಟು. ಹಾಗಾಗಿ "77ರ ಜಾಗದಲ್ಲಿ 87, ಹತ್ತೇ ತಾನೇ" ಅನ್ನುವ ಹಾಗಿಲ್ಲ.

ಮೋಟಾರು ವಾಹನ ಕಾಯ್ದೆಯ 190(2)ನೇ ಸೆಕ್ಷನ್ ಪ್ರಕಾರ ಸದ್ದು ಮತ್ತು ಹೊಗೆಯ ನಿಯಮ ಮೀರಿದ ಗಾಡಿ ಓಡಿಸಿದರೆ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಮೂರು ತಿಂಗಳು ಲೈಸೆನ್ಸ್ ಅನರ್ಹತೆಯೂ ಅದರಲ್ಲೇ ಇದೆ. 2019ರ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್‌ನಲ್ಲಿ, ಅನುಮತಿ ಇಲ್ಲದೆ ಗಾಡಿ ಬದಲಿಸಿದ ಮಾಲೀಕನಿಗೆ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. "ಆರ್‌ಸಿಯಲ್ಲಿ ಸೈಲೆನ್ಸರ್ ಬಗ್ಗೆ ಬರೆದೇ ಇಲ್ಲವಲ್ಲ" ಅಂತ ಕೆಲವರು ವಾದ ಮಾಡುತ್ತಾರೆ. ಆರ್‌ಸಿಯಲ್ಲಿರುವ ವಿವರ ತಪ್ಪುವ ಹಾಗೆ ಗಾಡಿ ಬದಲಿಸಬಾರದು ಅನ್ನುವ 52ನೇ ಸೆಕ್ಷನ್ ಮಟ್ಟಿಗೆ ಆ ವಾದ ಮಾಡಬಹುದೇನೋ. ಸದ್ದು ಮತ್ತು ಹೊಗೆಯ ಸೆಕ್ಷನ್‌ಗೆ ಆರ್‌ಸಿಯಲ್ಲಿ ಏನಿದೆ ಅನ್ನುವುದು ಬೇಕಾಗಿಲ್ಲ. "ಎಮಿಷನ್ ಸರ್ಟಿಫಿಕೇಟ್ ಇದೆ" ಅನ್ನುವುದೂ ನಡೆಯುವುದಿಲ್ಲ, ಆ ಪರೀಕ್ಷೆಯಲ್ಲಿ ಸದ್ದು ಅಳೆಯುವುದೇ ಇಲ್ಲ. ನಮ್ಮ ರಾಜ್ಯದ ಹಲವು ಊರುಗಳಲ್ಲಿ ಪೊಲೀಸರು ಇಂಥ ಸೈಲೆನ್ಸರ್‌ಗಳನ್ನು ಸಾಲಾಗಿ ಜೋಡಿಸಿ ರೋಡ್ ರೋಲರ್ ಹತ್ತಿಸಿದ ಫೋಟೊ ನೀವೂ ಪೇಪರ್‌ನಲ್ಲಿ ನೋಡಿರುತ್ತೀರಿ.

ಯುರೋಪಿನ ಅನುಮೋದನೆ ಗುರುತು ಕೊರೆದ ಪೈಪ್ ಇದ್ದರೆ ಸರಿಯಾ ಅಂತ ಕೆಲವರು ಕೇಳುತ್ತಾರೆ. ಆ ಗುರುತು ಆ ದೇಶಗಳಿಗೆ, ಅದರಲ್ಲೂ ಅದರಲ್ಲಿ ಹೇಳಿದ ಬೈಕ್ ಮಾದರಿಗೆ ಮಾತ್ರ. ಇಲ್ಲಿ ರಸ್ತೆಯಲ್ಲಿ ನಿಲ್ಲಿಸಿದವರಿಗೆ ಅದನ್ನು ತೋರಿಸಿ ಪ್ರಯೋಜನ ಇಲ್ಲ. ಮೇಲಾಗಿ ಇಟಲಿ ಹೆಸರಿನ ಪೈಪ್ ಮೂರು ಸಾವಿರಕ್ಕೆ ಸಿಕ್ಕರೆ ಅದು ಇಟಲಿ ನೋಡಿಯೇ ಇರುವುದಿಲ್ಲ, ಅದೂ ನಿಮಗೆ ಗೊತ್ತಿರಲಿ.

ವಾರಂಟಿ ಇನ್ನೂ ಇದ್ದರೆ ಎಂಜಿನ್, ಸೆನ್ಸರ್, ವೈರಿಂಗ್ ಬಗ್ಗೆ ಕ್ಲೇಮ್ ಮಾಡಿದಾಗ ಷೋರೂಂನವರು ಪೈಪ್ ಕಡೆ ಬೆರಳು ತೋರಿಸುತ್ತಾರೆ. ಇನ್ಶೂರೆನ್ಸ್‌ನಲ್ಲೂ ತಿಳಿಸದೆ ಮಾಡಿದ ಬದಲಾವಣೆ ತಕರಾರಿಗೆ ದಾರಿ.

ಹಾಕಿಸಲೇಬೇಕು ಅಂದರೆ

ನನ್ನನ್ನು ಕೇಳಿದರೆ ಕಂಪನಿ ಪೈಪೇ ಇರಲಿ. ಆ ದುಡ್ಡಿಗೆ ಒಳ್ಳೆಯ ಹಿಂದಿನ ಟೈರ್ ಬರುತ್ತದೆ. 21 ಸಾವಿರ ಓಡಿದ ನಿಮ್ಮ ಬೈಕಿಗೆ ಈಗ ಅದೇ ಬೇಕಾಗಿರುತ್ತದೆ. ಆದರೆ ಆಸೆ ಅಂದಿದ್ದೀರಿ, ಆಸೆಗೆ ಲೆಕ್ಕ ಕೇಳಬಾರದು.

ಕಡಿಮೆ ಅಪಾಯದ ದಾರಿ ಸ್ಲಿಪ್-ಆನ್. ಬೆಂಡ್ ಪೈಪ್, ಕ್ಯಾಟ್, ಸೆನ್ಸರ್ ಎಲ್ಲವೂ ಕಂಪನಿಯದೇ ಉಳಿಯಬೇಕು. ಕೊನೆಯ ಕ್ಯಾನ್ ಮಾತ್ರ ಬದಲು. ಫೇರಿಂಗ್ ಒಳಗೆ ಏನೂ ಬದಲಾಗುವುದಿಲ್ಲ, ಅದೇ ಇದರ ದೊಡ್ಡ ಲಾಭ. ಪ್ಲಾಸ್ಟಿಕ್ ಕತ್ತರಿಸುವ ಪ್ರಶ್ನೆಯೇ ಬರುವುದಿಲ್ಲ. ಡಿಬಿ ಕಿಲ್ಲರ್ (ಸದ್ದು ತಗ್ಗಿಸುವ ಒಳತುಂಡು) ಇರುವ ಕ್ಯಾನ್ ತೆಗೆದುಕೊಳ್ಳಿ, ಅದನ್ನು ತೆಗೆಯಬೇಡಿ. ಇಷ್ಟಾದರೂ ಸದ್ದು ಕಂಪನಿ ಸೈಲೆನ್ಸರ್‌ಗಿಂತ ಜಾಸ್ತಿಯೇ ಇರುತ್ತದೆ. ಪೊಲೀಸರ ಅಪಾಯ ಕಡಿಮೆಯಾಗುತ್ತದೆ, ಹೋಗುವುದಿಲ್ಲ.

ಒಂದು ತೊಡಕಿದೆ. ಕೆಲವು ಬೈಕುಗಳಲ್ಲಿ ಬೆಂಡ್ ಪೈಪ್ ಮತ್ತು ಸೈಲೆನ್ಸರ್ ಒಂದೇ ತುಂಡು, ಬೋಲ್ಟ್ ಬಿಚ್ಚಿ ಬೇರೆ ಮಾಡಲು ಬರುವುದಿಲ್ಲ. ಆಗ ಗ್ರೈಂಡರ್ ಹಿಡಿದು ಕಂಪನಿ ಪೈಪನ್ನೇ ಕತ್ತರಿಸೋಣ ಅನ್ನುತ್ತಾರೆ. ಒಪ್ಪಬೇಡಿ. ಕತ್ತರಿಸಿದರೆ ವಾಪಸ್ ಹೋಗುವ ದಾರಿ ಮುಚ್ಚಿತು. ಬೇಕೇ ಬೇಕು ಅಂದರೆ ಇನ್ನೊಂದು ಬೈಕಿನಿಂದ ಬಿಚ್ಚಿದ ಕಂಪನಿ ಪೈಪ್ ಸಂಪಾದಿಸಿ, ಅದನ್ನು ಕತ್ತರಿಸಿ. ನಿಮ್ಮದು ಹಾಗೇ ಇರಲಿ.

ಕ್ಯಾನ್ ಒಳಗಿನ ಹತ್ತಿಯಂಥ ಗ್ಲಾಸ್ ವುಲ್ ದಿನ ಕಳೆದಂತೆ ಸುಟ್ಟು ಪುಡಿಯಾಗಿ ಹೊರಗೆ ಹೋಗುತ್ತದೆ. ವರ್ಷ ಎರಡು ವರ್ಷಕ್ಕೆ ಸದ್ದು ಒಡಕಾಗಿ ಕೇಳಿಸಿದರೆ ಅದನ್ನು ಬದಲಿಸಬೇಕು. ರಿವೆಟ್ ಹೊಡೆದ ಕ್ಯಾನ್‌ಗಿಂತ ಬೋಲ್ಟ್ ಹಾಕಿದ್ದು ಇದಕ್ಕೆ ಅನುಕೂಲ.

ಫುಲ್ ಸಿಸ್ಟಂ ವಿಷಯದಲ್ಲಿ ನನ್ನ ಮಾತು ನೇರ. ಕ್ಯಾಟ್ ಇಲ್ಲದ ಪೈಪನ್ನು ರಸ್ತೆ ಬೈಕಿಗೆ ನಾವು ಹಾಕುವುದಿಲ್ಲ. ಕ್ಯಾಟ್ ಅನ್ನುವುದು ಕಾರ್ಬನ್ ಮೊನಾಕ್ಸೈಡ್, ಸುಡದ ಪೆಟ್ರೋಲ್, ನೈಟ್ರೋಜನ್ ಆಕ್ಸೈಡ್ ಮೂರನ್ನೂ ತಗ್ಗಿಸುವ ಭಾಗ. ಅದನ್ನು ತೆಗೆದ ಬೈಕಿನ ಹಿಂದೆ ಸಿಗ್ನಲ್‌ನಲ್ಲಿ ನಿಂತರೆ ಕಣ್ಣು ಉರಿಯುವುದು ಸುಮ್ನೆ ಅಲ್ಲ. ಟ್ರ್ಯಾಕ್‌ನಲ್ಲಿ ಮಾತ್ರ ಓಡಿಸುವ ಬೈಕ್ ಇದ್ದರೆ ಅದು ಬೇರೆ ಮಾತು, ಅದಕ್ಕೆ ಮ್ಯಾಪ್ ಸಮೇತ ಮಾಡಿಸಬೇಕು.

ಎಂಜಿನ್ ಹೊಟ್ಟೆಯ ಕೆಳಗೇ ಸೈಲೆನ್ಸರ್ ಡಬ್ಬಿ ಇರುವ ಹಳೆಯ ಕೆಟಿಎಂ ಆರ್‌ಸಿ ಥರದ ಬೈಕ್ ಇರುವವರಿಗೂ ಒಂದು ಮಾತು. ಅದನ್ನು ತೆಗೆದು ಪಕ್ಕಕ್ಕೆ ಕ್ಯಾನ್ ತಂದರೆ ಬೆಲ್ಲಿ ಪ್ಯಾನ್ ಕೊಯ್ಯಲೇಬೇಕಾಗಬಹುದು. ಕೊಯ್ದ ಅಂಚು ನಡುಗಿ ನಡುಗಿ ಅಲ್ಲಿಂದಲೇ ಬಿರುಕು ಬಿಡುತ್ತದೆ.

ಫಿಟ್ಟಿಂಗ್ ದಿನ ನೀವು ಪಕ್ಕದಲ್ಲೇ ನಿಂತು ನೋಡಿ. ಫೇರಿಂಗ್ ಎಳೆದು ಕೀಳುವವರು ಒಳಗಿನ ಸಣ್ಣ ಕಿವಿಗಳನ್ನು ಮುರಿಯುತ್ತಾರೆ. ಒಂದು ಕಿವಿ ಮುರಿದರೆ ಇಡೀ ಪ್ಯಾನಲ್ ಗಡಗಡ ಅನ್ನುತ್ತದೆ. ಬೋಲ್ಟ್‌ಗಳ ಉದ್ದ ಬೇರೆ ಬೇರೆ, ಒಂದು ರಟ್ಟಿನ ಮೇಲೆ ಬೈಕಿನ ಚಿತ್ರ ಗೀಚಿ ಯಾವುದು ಎಲ್ಲಿಯದೋ ಅಲ್ಲೇ ಚುಚ್ಚಿಡಿ. ಹೆಡ್ ಹತ್ತಿರದ ನಟ್‌ಗಳನ್ನು ಬಿಚ್ಚುವುದಿದ್ದರೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿ. ಸ್ಟಡ್ ಹೆಡ್ ಒಳಗೆ ಮುರಿದರೆ ಸೈಲೆನ್ಸರ್ ಆಸೆ ಲೇತ್ ಅಂಗಡಿಯಲ್ಲಿ ಮುಗಿಯುತ್ತದೆ. ಕೂರಿಸುವಾಗ ಎಲ್ಲವನ್ನೂ ಮೊದಲು ಸಡಿಲವಾಗಿಯೇ ಹಾಕಬೇಕು. ಆಮೇಲೆ ಹೆಡ್ ಕಡೆಯ ಎರಡು ನಟ್ ಸರದಿಯಲ್ಲಿ ಸ್ವಲ್ಪ ಸ್ವಲ್ಪ ಬಿಗಿ, ನಂತರ ನಡುವಿನ ಕ್ಲ್ಯಾಂಪ್, ಕೊನೆಗೆ ಹ್ಯಾಂಗರ್. ಮೊದಲೇ ಹ್ಯಾಂಗರ್ ಬಿಗಿದರೆ ಪೈಪ್ ಎಳೆತದಲ್ಲೇ ಕೂರುತ್ತದೆ, ಗ್ಯಾಸ್ಕೆಟ್ ಒಂದು ಕಡೆ ಬಾಯಿ ಬಿಡುತ್ತದೆ. ಫೇರಿಂಗ್ ಹಾಕಿದ ಮೇಲೆ ಪೈಪ್ ಮತ್ತು ಪ್ಲಾಸ್ಟಿಕ್ ನಡುವೆ ಹೆಬ್ಬೆರಳು ಸಲೀಸಾಗಿ ಹೋಗಿ ಬರಬೇಕು, ಸುಮಾರು 2 ಸೆಂಟಿಮೀಟರ್. ಸೆನ್ಸರ್ ವೈರ್ ಪೈಪಿಗೆ ತಾಗದ ಹಾಗೆ ಕಟ್ಟಿಸಿ. ಸ್ಟಾರ್ಟ್ ಮಾಡುವ ಮೊದಲು ಪೈಪ್ ಮೇಲಿನ ಬೆರಳ ಗುರುತು, ಎಣ್ಣೆ ಎಲ್ಲ ಒರೆಸಿ. ಇಲ್ಲದಿದ್ದರೆ ಅದೇ ಗುರುತು ಸುಟ್ಟು ಶಾಶ್ವತವಾಗಿ ಉಳಿಯುತ್ತದೆ.

ಬಿಸಿ ತಡೆಯಲು ಬೆಂಡ್ ಪೈಪ್‌ಗೆ ಬಟ್ಟೆಯಂಥ ಹೀಟ್ ರ್‍ಯಾಪ್ ಸುತ್ತುವುದು ಈಗ ಫ್ಯಾಷನ್. ಫೇರಿಂಗ್ ಬೈಕಿನಲ್ಲಿ ನನಗದು ಇಷ್ಟ ಇಲ್ಲ. ಮಳೆ ನೀರು ಹಿಡಿದಿಟ್ಟುಕೊಂಡು ಸಾದಾ ಕಬ್ಬಿಣದ ಪೈಪನ್ನು ತುಕ್ಕು ಹಿಡಿಸುತ್ತದೆ. ಎಂಜಿನ್ ಆಯಿಲ್ ಬದಲಿಸುವಾಗ ಅದರ ಮೇಲೆ ಚೆಲ್ಲಿದರೆ ಬೆಂಕಿಯ ಅಪಾಯವೂ ಇದೆ. ಪ್ಲಾಸ್ಟಿಕ್ ಒಳಮೈಗೆ ಅಲ್ಯೂಮಿನಿಯಂ ಹೀಟ್ ಶೀಲ್ಡ್ ಹಾಳೆ ಅಂಟಿಸುವುದು ವಾಸಿ.

ತೊಡೆಯ ಬಿಸಿ

ಇದು ಸೈಲೆನ್ಸರ್ ಬದಲಿಸಿದರೆ ಹೋಗುವುದಿಲ್ಲ. ಕ್ಯಾಟ್ ಇಲ್ಲದಿದ್ದರೆ ಅದರ ಸುತ್ತ ಬಿಸಿ ಸ್ವಲ್ಪ ತಗ್ಗುವುದು ನಿಜ, ಆದರೆ ನಿಮ್ಮ ತೊಡೆಗೆ ಬಡಿಯುವುದು ಹೆಚ್ಚಾಗಿ ರೇಡಿಯೇಟರ್ ಗಾಳಿ. ಸಿಗ್ನಲ್‌ನಲ್ಲಿ ನಿಂತಾಗ ಫ್ಯಾನ್ ತಿರುಗಿ ಆ ಗಾಳಿಯನ್ನು ಫೇರಿಂಗ್ ಸಂದಿಯಿಂದ ಹೊರಗೆ ದಬ್ಬುತ್ತದೆ. ಬಳ್ಳಾರಿಗೆ ಬಂದು ಹೋಗುವ ಬೈಕುಗಳಲ್ಲಿ ನಾನು ಮೊದಲು ನೋಡುವುದೇ ರೇಡಿಯೇಟರ್ ರೆಕ್ಕೆಗಳನ್ನು. ಅದಿರು ಲಾರಿಗಳ ಕೆಂಧೂಳು, ಹೊಲದ ಬದಿಯ ಹುಳು, ಭತ್ತದ ಹೊಟ್ಟು ಸೇರಿ ಅರ್ಧ ಮುಚ್ಚಿರುತ್ತವೆ. ಧೂಳು ಕಟ್ಟಿದರೆ ನೀರು ಬೇಗ ಕಾಯುತ್ತದೆ, ಫ್ಯಾನ್ ಜಾಸ್ತಿ ಹೊತ್ತು ತಿರುಗುತ್ತದೆ, ನಿಮ್ಮ ಕಾಲು ಬೇಯುತ್ತದೆ.

ಫೇರಿಂಗ್ ಬಿಚ್ಚಿಸುವ ದಿನವೇ ಇದನ್ನೂ ಮಾಡಿಸಿ. ಮೆತ್ತನೆಯ ಬ್ರಷ್, ಸಾದಾ ಪೈಪ್ ನೀರು, ಹಿಂದಿನಿಂದ ಮುಂದಕ್ಕೆ. ವಾಟರ್ ಸರ್ವಿಸ್ ಗನ್ ಹತ್ತಿರ ಹಿಡಿದರೆ ಆ ತೆಳು ರೆಕ್ಕೆಗಳು ಮಡಚಿಕೊಳ್ಳುತ್ತವೆ. ಕೂಲೆಂಟ್ ಬದಲಿಸಿ ಎರಡು ಮೂರು ವರ್ಷ ಆಗಿದ್ದರೆ ಅದನ್ನೂ ಬದಲಿಸಿ, ಬೋರ್‌ವೆಲ್ ನೀರು ಮಾತ್ರ ಹಾಕಬೇಡಿ. ನಮ್ಮ ಕಡೆಯ ನೀರಿನಲ್ಲಿ ಉಪ್ಪು ಜಾಸ್ತಿ, ಒಳಗೆ ಪದರ ಕಟ್ಟುತ್ತದೆ. ಇಷ್ಟು ಮಾಡಿಸಿ ಒಂದು ವಾರ ಓಡಿಸಿ ನೋಡಿ. ಆಮೇಲೆ ಸ್ಲಿಪ್-ಆನ್ ಇನ್ನೂ ಬೇಕು ಅನಿಸಿದರೆ, ಕೊಳ್ಳುವ ಮೊದಲು ಕ್ಯಾನ್‌ನ ಒಳ ಅಳತೆ ನಿಮ್ಮ ಪೈಪಿನ ಹೊರ ಅಳತೆಗೆ ಕೂರುತ್ತದಾ ಅಂತ ವರ್ನಿಯರ್ ಹಿಡಿದು ನೋಡಿ. "ಎಲ್ಲ ಬೈಕಿಗೂ ಕೂರುತ್ತೆ" ಅಂತ ಮಾರುವುದನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ.